ಬೆನ್ನುಹುರಿಯ ರಕ್ತನಾಳದ ತೊಂದರೆಗೆ ಎಂಬೋಲೈಸೇಷನ್: ಮನೆಯವರು ಏನು ಕೇಳಬೇಕು, ಏನು ನೋಡಿಕೊಳ್ಳಬೇಕು

ನನ್ನ ಸೋದರಮಾವನಿಗೆ ಆಗ 58 ವರ್ಷ. ಮದ್ದೂರಿನ ಕಡೆ ಕಬ್ಬಿನ ಗದ್ದೆ. ದಿನಾ ಬೆಳಿಗ್ಗೆ ನಾಲೆ ಏರಿ ಮೇಲೆ ಎರಡು ಕಿಲೋಮೀಟರ್ ನಡೆದು ನೀರು ತಿರುಗಿಸಿ ಬರುತ್ತಿದ್ದರು. ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ನೋಡಿದರೆ ಅರ್ಧ ದಾರಿಯಲ್ಲೇ ತೂಬಿನ ಕಟ್ಟೆ ಮೇಲೆ ಕೂತಿದ್ದಾರೆ. "ಯಾಕ್ ಮಾವ, ಸುಸ್ತಾ?" ಅಂದೆ. "ಸುಸ್ತಲ್ಲ ಕಣವ್ವ. ಸ್ವಲ್ಪ ದೂರ ನಡೆದ್ರೆ ಕಾಲು ನಂದಲ್ಲ ಅನ್ನಂಗಾಯ್ತದೆ. ಕೂತ್ರೆ ಸರಿ ಹೋಯ್ತದೆ" ಅಂದರು. ಎಡಗಾಲಿನ ಚಪ್ಪಲಿ ಹತ್ತು ಹೆಜ್ಜೆ ಹಿಂದೆ ಬಿದ್ದಿತ್ತು. ಅದು ಕಳಚಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಆಮೇಲೆ ಹದಿನಾಲ್ಕು ತಿಂಗಳು ಡಿಸ್ಕ್ ತೊಂದರೆ ಅಂತ ಔಷಧಿ ನಡೆಯಿತು. ಸೊಂಟದ ಬೆಲ್ಟ್, ಟ್ರ್ಯಾಕ್ಷನ್, ಎಣ್ಣೆ ಹಾಕಿ ನೀವಿಸುವುದು, ಎಲ್ಲ ಆಯಿತು. ಒಂದು ರಾತ್ರಿ ಮೂತ್ರ ಕಟ್ಟಿತು. ಆಗ ಇಡೀ ಬೆನ್ನಿನ ಎಂಆರ್‌ಐ ಮಾಡಿದರು. ವರದಿಯಲ್ಲಿ ಸ್ಪೈನಲ್ ಡ್ಯೂರಲ್ ಎವಿ ಫಿಸ್ಟುಲಾ ಅಂತ ಬಂತು, ಅಂದರೆ ಬೆನ್ನುಹುರಿಯ ಪೊರೆಯಲ್ಲಿ ರಕ್ತನಾಳಗಳು ತಪ್ಪಾಗಿ ಕೂಡಿಕೊಂಡಿರುವುದು.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಕ್ಯಾಥ್ ಲ್ಯಾಬ್‌ನಲ್ಲಿ, ಅಂದರೆ ರಕ್ತನಾಳದೊಳಗೆ ಕೊಳವೆ ಹಾಕಿ ಚಿಕಿತ್ಸೆ ಮಾಡುವ ಕೋಣೆಯಲ್ಲಿ, ನರ್ಸ್. ಆಗ ಹೃದಯದ ಕೇಸುಗಳನ್ನಷ್ಟೇ ನೋಡುತ್ತಿದ್ದೆ, ಈಗ ಕೆಲವು ವರ್ಷಗಳಿಂದ ಮಿದುಳು ಮತ್ತು ಬೆನ್ನುಹುರಿಯ ಕೇಸುಗಳಲ್ಲೂ ನಿಲ್ಲುತ್ತೇನೆ. ಹೊರಗೆ ಬೆಂಚಿನ ಮೇಲೆ ಕೂತ ಮನೆಯವರು ಕೇಳುವುದು ಹೆಚ್ಚೂಕಡಿಮೆ ಅವೇ ಪ್ರಶ್ನೆಗಳು. ಆದರೆ ಕೇಳಲೇಬೇಕಾದ ಒಂದೆರಡು ಪ್ರಶ್ನೆ ಯಾರೂ ಕೇಳುವುದಿಲ್ಲ, ಯಾಕಂದರೆ ಅವುಗಳ ಬಗ್ಗೆ ಅವರಿಗೆ ಯಾರೂ ಹೇಳಿಯೇ ಇರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎಂಬೋಲೈಸೇಷನ್ ಅಂದರೆ ಸಣ್ಣ ಕೊಳವೆಯನ್ನು ರಕ್ತನಾಳದ ಒಳಗಿಂದಲೇ ಒಯ್ದು, ಗ್ಲೂ ಅಂದರೆ ಅಂಟಿನಂಥ ದ್ರವ ಬಿಟ್ಟು, ತೊಂದರೆಯ ಜಾಗ ಮುಚ್ಚುವುದು. ಚಿಕಿತ್ಸೆ ತೀರ್ಮಾನ ನಿಮ್ಮ ಡಾಕ್ಟರದ್ದೇ. ಅವರ ಮುಂದೆ ಕೂತಾಗ ಅವರ ಮಾತು ನಿಮಗೆ ಅರ್ಥ ಆಗಲಿ, ಅಷ್ಟೇ ನನ್ನ ಆಸೆ.

ಮೊದಲು ಅನುಮಾನ ಬರಬೇಕು

ಡ್ಯೂರಲ್ ಫಿಸ್ಟುಲಾ ಬೆನ್ನುಹುರಿಯ ರಕ್ತನಾಳದ ತೊಂದರೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವಂಥದ್ದು. ನೂರರಲ್ಲಿ ಸುಮಾರು 70 ಕೇಸು ಇದೇ. ಬಹುಪಾಲು 50 ದಾಟಿದ ಗಂಡಸರಿಗೆ ಬರುತ್ತದೆ. ಹಾಗಿದ್ದರೂ ಒಟ್ಟಾರೆ ಅಪರೂಪದ ಕಾಯಿಲೆ. ಅದಕ್ಕೇ ಡಿಸ್ಕು, ಸಯಾಟಿಕಾ, ಸಕ್ಕರೆ ಕಾಯಿಲೆಯ ನರದೌರ್ಬಲ್ಯ, ಪ್ರಾಸ್ಟೇಟ್, ಹೀಗೆ ಬೇರೆ ಬೇರೆ ಹೆಸರಿನಲ್ಲಿ ಒಂದು ವರ್ಷ, ಕೆಲವೊಮ್ಮೆ ಎರಡು ಮೂರು ವರ್ಷ ಕಳೆದುಹೋಗುತ್ತದೆ.

ಗಮನಿಸಬೇಕಾದ್ದು ಇಷ್ಟು. ಎರಡೂ ಕಾಲು ನಿಧಾನವಾಗಿ ಸೋಲುತ್ತಾ ಬರುತ್ತವೆ. ನಡೆದರೆ, ಮೆಟ್ಟಿಲು ಹತ್ತಿದರೆ, ಭಾರ ಎತ್ತಿದರೆ ಜಾಸ್ತಿ ಆಗುತ್ತದೆ, ಕೂತರೆ ಕಡಿಮೆ ಆಗುತ್ತದೆ. ಪಾದದಿಂದ ಜೋಮು ಮೇಲೇರುತ್ತದೆ. ಜೊತೆಗೆ ಮೂತ್ರ ಶುರುವಾಗಲು ತಡ ಆಗುವುದು, ಪೂರ್ತಿ ಹೋಗದೆ ಇರುವುದು, ಮಲಬದ್ಧತೆ, ಗಂಡಸರಲ್ಲಿ ಲೈಂಗಿಕ ತೊಂದರೆ. ಈ ಕೊನೆಯದನ್ನು ನಮ್ಮ ಹಿರಿಯರು ಹೇಳುವುದೇ ಇಲ್ಲ. ಮಾವ ಮೂತ್ರದ ತೊಂದರೆಯನ್ನೇ ಆರು ತಿಂಗಳು ಮುಚ್ಚಿಟ್ಟಿದ್ದರು, "ವಯಸ್ಸಾಯ್ತಲ್ಲ" ಅಂತ ಸುಮ್ನೆ ಇದ್ದರು. ಕಾಲಿನ ಜೊತೆ ಮೂತ್ರದ ತೊಂದರೆಯೂ ಸೇರಿದರೆ ಬೆನ್ನುಹುರಿಯನ್ನು ನೋಡಲೇಬೇಕು. ದಯವಿಟ್ಟು ನಿಮ್ಮ ಅಪ್ಪನನ್ನೋ ಮಾವನನ್ನೋ ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಿ.

ಎಂಆರ್‌ಐ ವಿಷಯದಲ್ಲಿ ಒಂದು ಮಾತು. ಸೊಂಟದ ಭಾಗವನ್ನಷ್ಟೇ ತೆಗೆದರೆ ಇದು ತಪ್ಪಿಹೋಗಬಹುದು, ಯಾಕಂದರೆ ಬೆನ್ನುಹುರಿ ಮುಗಿಯುವುದೇ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರ. ಸೊಂಟದ ಚಿತ್ರದಲ್ಲಿ ಹುರಿಯ ಬಾಲದ ತುದಿ ಮಾತ್ರ ಸಿಗುತ್ತದೆ. ಇಡೀ ಬೆನ್ನಿನದು ಬೇಕಾ ಅಂತ ಡಾಕ್ಟರನ್ನು ಕೇಳಿ. ಅದರಲ್ಲಿ ಎರಡು ಗುರುತು ಕಾಣುತ್ತವೆ. ಹುರಿಯ ಒಳಗೆ ನೀರು ತುಂಬಿ ಊದಿದ ಬಿಳಿ ಪಟ್ಟಿ, ಹುರಿಯ ಹಿಂದೆ ಎರೆಹುಳು ಹರಿದಾಡಿದ ಹಾಗೆ ಕಪ್ಪು ಚುಕ್ಕೆಗಳು. ಆ ಚುಕ್ಕೆಗಳೇ ಹಿಗ್ಗಿ ಸುತ್ತಿಕೊಂಡ ರಕ್ತನಾಳಗಳು.

ಇನ್ನೊಂದು ಎಚ್ಚರಿಕೆ. ಹುರಿಯಲ್ಲಿ ಬಿಳಿ ಪಟ್ಟಿ ಕಂಡ ಕೂಡಲೇ ಹುರಿಯ ಉರಿಯೂತ ಇರಬೇಕು ಅಂತ ಸ್ಟೀರಾಯ್ಡ್ ಡ್ರಿಪ್ ಹಾಕುವುದುಂಟು. ಇರುವುದು ಫಿಸ್ಟುಲಾ ಆಗಿದ್ದರೆ ಸ್ಟೀರಾಯ್ಡ್ ಕೊಟ್ಟ ಮೇಲೆ ಕಾಲು ಇನ್ನಷ್ಟು ಸೋತ ಕೇಸುಗಳು ದಾಖಲಾಗಿವೆ. ಡ್ರಿಪ್ ಹಾಕಿದ ಮೇಲೆ ಕಾಲಿನ ಬಲ ಕುಗ್ಗಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೇಳಿ.

ಒಳಗೆ ಆಗುತ್ತಿರುವುದೇನು

ಮಾವನಿಗೆ ಇದನ್ನು ಅರ್ಥ ಮಾಡಿಸಿದ್ದು ಅವರ ಗದ್ದೆಯಿಂದಲೇ. ನಾಲೆಯಿಂದ ನೀರು ಬರುತ್ತದೆ, ಗದ್ದೆಗೆ ಹರಿಯುತ್ತದೆ, ಮಿಕ್ಕಿದ್ದು ಬಸಿಗಾಲುವೆಗೆ ಇಳಿದು ಹೋಗುತ್ತದೆ. ಈಗ ನಾಲೆಯ ಏರಿ ಒಂದು ಕಡೆ ಒಡೆದು ನೀರು ನೇರ ಬಸಿಗಾಲುವೆಗೇ ನುಗ್ಗಿದರೆ? ಬಸಿಗಾಲುವೆ ತುಂಬುತ್ತದೆ. ಗದ್ದೆಯ ನೀರು ಇಳಿಯಲು ಜಾಗ ಇಲ್ಲ. ಕಬ್ಬು ಜೌಗು ಹಿಡಿದು ಬೇರು ಕೊಳೆಯುತ್ತದೆ. ನೀರಿಲ್ಲದೆ ಒಣಗಿದ್ದಲ್ಲ, ನೀರು ಹೋಗದೆ ಕೆಟ್ಟಿದ್ದು. ಮಾವ ತಕ್ಷಣ ಹೇಳಿದರು: "ಹಂಗಾದ್ರೆ ಒಡೆದಿರೋ ಜಾಗ ಮುಚ್ಬೇಕು. ಗದ್ದೆಗೆ ಔಸ್ತಿ ಹಾಕಿ ಏನ್ ಬಂತು?"

ಫಿಸ್ಟುಲಾ ಅಂದರೆ ಇದೇ. ಬೆನ್ನುಹುರಿಯ ಹೊರಗಿನ ಗಟ್ಟಿ ಪೊರೆಯಲ್ಲಿ, ನರ ಹೊರಗೆ ಬರುವ ಜಾಗದ ಹತ್ತಿರ, ಆರ್ಟರಿ (ಹೃದಯದಿಂದ ರಕ್ತ ತರುವ ನಾಳ) ನೇರವಾಗಿ ವೇನ್‌ಗೆ (ರಕ್ತ ವಾಪಸ್ ಒಯ್ಯುವ ನಾಳ) ಕೂಡಿಕೊಂಡಿರುತ್ತದೆ. ಕೂದಲೆಳೆಯಷ್ಟು ಸಣ್ಣ ದಾರಿ. ಒತ್ತಡದ ರಕ್ತ ಆ ದಾರಿಯಲ್ಲಿ ಹಿಮ್ಮುಖವಾಗಿ ಹುರಿಯ ವೇನ್‌ಗಳಿಗೆ ನುಗ್ಗುತ್ತದೆ, ಹುರಿಯ ರಕ್ತ ಹೊರಗೆ ಹೋಗದೆ ನಿಂತು ಊದುತ್ತದೆ. ಫ್ರಾನ್ಸಿನ ಫೋಯಿಕ್ಸ್ ಮತ್ತು ಅಲಜುವಾನಿನ್ 1926ರಲ್ಲೇ ಹೀಗೆ ಹುರಿ ಹಾಳಾದ ರೋಗಿಗಳ ಬಗ್ಗೆ ಬರೆದಿದ್ದರು. ಆದರೆ ಒಡಕು ಇರುವುದು ಹುರಿಯಲ್ಲಿ ಅಲ್ಲ, ಪೊರೆಯಲ್ಲಿ ಅಂತ ಸ್ಪಷ್ಟವಾಗಿದ್ದು 1977ರಲ್ಲಿ, ಲಂಡನ್ನಿನ ಕೆಂಡಲ್ ಮತ್ತು ಲೋಗ್ ಅವರ ಕೆಲಸದಿಂದ.

ಒಡಕು ಎಲ್ಲಿ ಬೇಕಾದರೂ ಇರಬಹುದು, ತಲೆಬುರುಡೆಯ ಬುಡದಿಂದ ಹಿಡಿದು ತ್ರಿಕಾಸ್ಥಿಯವರೆಗೆ, ಅಂದರೆ ಬೆನ್ನುಮೂಳೆಯ ಬುಡದವರೆಗೆ. ಊತ ಕಾಣುವ ಜಾಗದಲ್ಲೇ ಒಡಕು ಇರಬೇಕು ಅಂತೇನಿಲ್ಲ. ನಾಲೆ ಒಡೆದಿದ್ದು ಮೇಲಿನ ಊರಿನಲ್ಲಿ, ಗದ್ದೆ ಜೌಗಾಗಿದ್ದು ಕೆಳಗಿನ ಊರಿನಲ್ಲಿ. ಅದನ್ನು ಹುಡುಕಲು ಆಂಜಿಯೋಗ್ರಾಂ ಬೇಕು, ಅಂದರೆ ನಾಳದೊಳಗೆ ಡೈ ಬಿಟ್ಟು ತೆಗೆಯುವ ಎಕ್ಸ್‌ರೇ ಚಿತ್ರ.

ಎಲ್ಲರದ್ದೂ ಒಂದೇ ಕಾಯಿಲೆ ಅಲ್ಲ

ವರದಿಯಲ್ಲಿ ಬೇರೆ ಹೆಸರುಗಳೂ ಬರಬಹುದು. ಎವಿಎಂ ಅಂದರೆ ಹುರಿಯ ಒಳಗೇ ಆರ್ಟರಿ, ವೇನ್‌ಗಳು ಗಂಟು ಗಂಟಾಗಿ ಹೆಣೆದುಕೊಂಡಿರುವುದು. ಇದು ಜಾಸ್ತಿ ಮಕ್ಕಳಲ್ಲಿ, ಹರೆಯದವರಲ್ಲಿ ಗೊತ್ತಾಗುತ್ತದೆ, ಎಷ್ಟೋ ಸಲ ಒಳಗೆ ರಕ್ತಸ್ರಾವ ಆದಾಗಲೇ. ಬೆನ್ನಿಗೆ ಚಾಕು ಹಾಕಿದ ಹಾಗೆ ಒಮ್ಮೆಲೇ ನೋವು, ಕೆಲವೇ ಹೊತ್ತಿನಲ್ಲಿ ಕಾಲು ಆಡುವುದಿಲ್ಲ. ಇದು ತುರ್ತು. ಕೂಡಲೇ ದೊಡ್ಡ ಆಸ್ಪತ್ರೆಗೆ ಓಡಬೇಕು. ಕೆಲವರಿಗೆ ಇದು ತಲೆನೋವು, ಕುತ್ತಿಗೆ ಬಿಗಿತವಾಗಿ ಬರುತ್ತದೆ. ತಲೆಯೊಳಗೆ ರಕ್ತ ಸೋರಿದೆ ಅಂತ ಮಿದುಳಿನ ಆಂಜಿಯೋ ಮಾಡಿದರೆ ಏನೂ ಸಿಗುವುದಿಲ್ಲ. ಆಗ ಕುತ್ತಿಗೆ ಮತ್ತು ಬೆನ್ನಿನ ಹುರಿ ನೋಡಬೇಕಾ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಪೆರಿಮೆಡುಲರಿ ಫಿಸ್ಟುಲಾ ಅಂತ ಬರೆದಿದ್ದರೆ ಒಡಕು ಪೊರೆಯಲ್ಲಿಲ್ಲ, ಹುರಿಯ ಮೈಮೇಲೇ ಇದೆ. ಹುರಿಗೆ ಅನ್ನ ಕೊಡುವ ನಾಳವೇ ಅದಕ್ಕೂ ರಕ್ತ ಕೊಡುತ್ತಿರುತ್ತದೆ. ಚಿಕ್ಕ ಮಗುವಿನಲ್ಲಿ ಇದು ಸಿಕ್ಕಿದರೆ, ಮನೆಯಲ್ಲಿ ಯಾರಿಗಾದರೂ ಪದೇ ಪದೇ ಮೂಗಿನಲ್ಲಿ ರಕ್ತ ಬರುತ್ತದಾ ಅಂತ ಡಾಕ್ಟರು ಕೇಳುತ್ತಾರೆ. ಆಸ್ಲರ್-ವೆಬರ್-ರೆಂಡು ಅನ್ನುವ ವಂಶವಾಹಿ ಕಾಯಿಲೆಯ ಜೊತೆ ಇದು ಬರುವುದುಂಟು. ಬೆನ್ನಿನ ಚರ್ಮದ ಮೇಲೆ ಹುಟ್ಟಿನಿಂದ ಕೆಂಪು ಮಚ್ಚೆ ಇದ್ದರೂ ಹೇಳಿ. ಕಾಬ್ ಸಿಂಡ್ರೋಮ್‌ನಲ್ಲಿ ಚರ್ಮದ ಮಚ್ಚೆಯೂ ಹುರಿಯ ಎವಿಎಂ ಕೂಡ ಒಂದೇ ಮಟ್ಟದಲ್ಲಿರುತ್ತವೆ.

ಅನ್ಯೂರಿಸಂ ಅಂದರೆ ನಾಳದ ಗೋಡೆ ಸೊರಗಿ ಬಲೂನಿನ ಹಾಗೆ ಉಬ್ಬಿರುವುದು. ಎವಿಎಂ ಜೊತೆ ಇದು ಬರುತ್ತದೆ, ಯಾಕಂದರೆ ಆ ನಾಳದಲ್ಲಿ ರಕ್ತದ ಓಟ ವಿಪರೀತ. ಎರಡು ಜಾಗದಲ್ಲಿ ಇರಬಹುದು: ಗಂಟಿಗೆ ಬರುವ ದಾರಿಯಲ್ಲಿ, ಇಲ್ಲವೇ ಗಂಟಿನ ಒಳಗೇ. ರಕ್ತ ಸೋರುವುದಾದರೆ ಮೊದಲು ಸೋರುವುದು ಇಂಥ ಉಬ್ಬಿನಿಂದಲೇ ಅನ್ನುವ ಸಂದರ್ಭ ತುಂಬ. ಅದಕ್ಕೆ ವರದಿಯಲ್ಲಿ ಅನ್ಯೂರಿಸಂ ಅಂತ ಕಂಡರೆ "ಎಲ್ಲಿದೆ, ಇದರಿಂದಲೇ ರಕ್ತ ಸೋರಿದ್ದಾ?" ಅಂತ ಕೇಳಿ.

ತೆರೆದ ಆಪರೇಷನ್ನಾ, ಒಳಗಿಂದಲಾ?

ನಾಳದ ಒಳಗಿಂದಲೇ ಹೋಗಿ ಮುಚ್ಚುವ ಉಪಾಯ ಹೊಸದೇನಲ್ಲ. ಅಮೆರಿಕದಲ್ಲಿ ಡಾಪ್‌ಮನ್, ಡಿ ಕಿರೋ ಮತ್ತು ಒಮಾಯಾ 1968ರಲ್ಲೇ ಬೆನ್ನುಹುರಿಯ ಎವಿಎಂ ಅನ್ನು ಹೀಗೆ ಮುಚ್ಚಿದ್ದನ್ನು ಪ್ರಕಟಿಸಿದರು. ಈಗ ಸಾಮಾನು ಬಹಳ ಸುಧಾರಿಸಿದೆ.

ಹಾಗಂತ ಎಲ್ಲರಿಗೂ ಇದೇ ಒಳ್ಳೆಯದು ಅನ್ನಲಾಗದು, ಇದನ್ನು ನಾನು ಒತ್ತಿ ಹೇಳುತ್ತೇನೆ. ಡ್ಯೂರಲ್ ಫಿಸ್ಟುಲಾಕ್ಕೆ ತೆರೆದ ಆಪರೇಷನ್ ಕೂಡ ತುಂಬ ಒಳ್ಳೆಯ ಚಿಕಿತ್ಸೆ. ಬೆನ್ನಿನ ಮೂಳೆಯ ಸ್ವಲ್ಪ ಭಾಗ ತೆಗೆದು ಆ ವೇನ್ ಅನ್ನು ಪೊರೆಯ ಒಳಗೆ ಕಟ್ ಮಾಡುತ್ತಾರೆ. ಒಂದೇ ಸಲಕ್ಕೆ ಪೂರ್ತಿ ಮುಚ್ಚುವುದು 100ರಲ್ಲಿ 95ಕ್ಕೂ ಹೆಚ್ಚು ಜನರಲ್ಲಿ. ಎಂಬೋಲೈಸೇಷನ್‌ನಲ್ಲಿ ಅಷ್ಟು ಖಾತ್ರಿ ಇಲ್ಲ, ಆದರೆ ಗಾಯ ಇಲ್ಲ, ಬೇಗ ಎದ್ದು ಓಡಾಡಬಹುದು, ಆಂಜಿಯೋಗ್ರಾಂ ಮಾಡುವಾಗಲೇ ಮುಗಿಸಬಹುದು. "ಕೊಯ್ಯೋದಿಲ್ಲ ಅಂದ್ಮೇಲೆ ಇದೇ ಇರ್ಲಿ" ಅಂತ ಮನೆಯವರು ಹಟ ಹಿಡಿಯುವುದನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಎರಡೂ ತಂಡ, ಅಂದರೆ ನ್ಯೂರೋಸರ್ಜನ್ ಮತ್ತು ನಾಳದ ಒಳಗಿಂದ ಚಿಕಿತ್ಸೆ ಮಾಡುವ ನ್ಯೂರೋ ಇಂಟರ್ವೆನ್ಷನ್ ಡಾಕ್ಟರ್, ಒಟ್ಟಿಗೆ ಕೂತು ಚಿತ್ರ ನೋಡುವ ಆಸ್ಪತ್ರೆ ಹುಡುಕಿ.

ಯಾರೂ ಕೇಳುವುದಿಲ್ಲ ಅಂದೆನಲ್ಲ, ಆ ಪ್ರಶ್ನೆಗಳು ಇವು.

ಒಂದನೆಯದು: "ಫಿಸ್ಟುಲಾಕ್ಕೆ ಹೋಗುವ ನಾಳದಿಂದಲೇ ಹುರಿಗೂ ರಕ್ತ ಹೋಗುತ್ತಿದೆಯಾ?" ಹುರಿಯ ಮುಂಭಾಗಕ್ಕೆ, ಅಂದರೆ ಹುರಿಯ ಮೂರರಲ್ಲಿ ಎರಡು ಪಾಲಿಗೆ, ಒಂದೇ ಒಂದು ನಾಳ ಇದೆ, ಆಂಟೀರಿಯರ್ ಸ್ಪೈನಲ್ ಆರ್ಟರಿ. ಅದಕ್ಕೆ ಕೆಳಗಿನ ಭಾಗದಲ್ಲಿ ರಕ್ತ ತುಂಬುವ ಮುಖ್ಯ ಕವಲಿಗೆ ಆಡಮ್‌ಕೀವಿಚ್ ಆರ್ಟರಿ ಅಂತ ಹೆಸರು, ಪೋಲೆಂಡಿನ ಆಡಮ್‌ಕೀವಿಚ್ 1882ರಲ್ಲಿ ವಿವರಿಸಿದ್ದು. ಸಾಮಾನ್ಯವಾಗಿ ಎಡಗಡೆ, ಬೆನ್ನುಮೂಳೆಯ ಎದೆಭಾಗದ 9ರಿಂದ 12ನೇ ಮೂಳೆಯ ಮಟ್ಟದಲ್ಲಿ ಹೊರಡುತ್ತದೆ. ಚಿತ್ರದಲ್ಲಿ ಹೇರ್‌ಪಿನ್ ಹಾಗೆ ಮೇಲೆ ಹೋಗಿ ಗಕ್ಕನೆ ಕೆಳಗೆ ತಿರುಗಿರುತ್ತದೆ. ಗ್ಲೂ ತಪ್ಪಿ ಅದರೊಳಗೆ ಹೋದರೆ ಎರಡೂ ಕಾಲು ಪೂರ್ತಿ ಹೋಗಬಹುದು. ಒಂದೇ ಕವಲಿನಿಂದ ಎರಡೂ ಹೊರಟಿದ್ದರೆ ಡ್ಯೂರಲ್ ಫಿಸ್ಟುಲಾಕ್ಕೆ ತೆರೆದ ಆಪರೇಷನ್ನೇ ಸುರಕ್ಷಿತ.

ಎರಡನೆಯದು, ಮುಗಿದ ಮೇಲೆ ಕೇಳಬೇಕಾದ್ದು: "ಗ್ಲೂ ವೇನ್‌ನ ಬುಡದವರೆಗೆ ಹೋಯಿತಾ?" ಏರಿ ಒಡೆದ ಜಾಗವನ್ನು ನಾಲೆಯ ಕಡೆಯಿಂದ ಒಂದು ಬುಟ್ಟಿ ಮಣ್ಣು ಸುರಿದು ಮುಚ್ಚಿದರೆ ನೀರು ಪಕ್ಕದ ಸಂದಿನಿಂದ ಮತ್ತೆ ದಾರಿ ಮಾಡಿಕೊಳ್ಳುತ್ತದೆ ಅಲ್ವಾ? ಬಸಿಗಾಲುವೆಯ ಬಾಯಿಯೇ ಮುಚ್ಚಬೇಕು. ಇಲ್ಲಿಯೂ ಹಾಗೇ. ಗ್ಲೂ ಆರ್ಟರಿಯಲ್ಲೇ ನಿಂತರೆ ಅಕ್ಕಪಕ್ಕದ ಸಣ್ಣ ಕವಲುಗಳು ಕೆಲವು ವಾರ, ತಿಂಗಳಲ್ಲಿ ಮತ್ತೆ ಅಲ್ಲಿಗೆ ರಕ್ತ ತರುತ್ತವೆ. ಹಿಂದೆ ಸಣ್ಣ ಕಣಗಳನ್ನು ಬಿಟ್ಟು ಮುಚ್ಚುತ್ತಿದ್ದರು. ಆಮೇಲೆ ಫಿಸ್ಟುಲಾ ಮತ್ತೆ ತೆರೆದುಕೊಳ್ಳುತ್ತಿತ್ತು, ಅದಕ್ಕೇ ಡ್ಯೂರಲ್ ಫಿಸ್ಟುಲಾಕ್ಕೆ ಅದನ್ನು ಬಿಟ್ಟರು. ಗ್ಲೂ ಬುಡ ಮುಟ್ಟಲಿಲ್ಲ ಅಂತ ಡಾಕ್ಟರು ಹೇಳಿದರೆ, ತಡ ಮಾಡದೆ ಆಪರೇಷನ್‌ಗೆ ಒಪ್ಪಿ. ಮಾವನಿಗೆ ಒಂದೇ ಸಲಕ್ಕೆ ಮುಟ್ಟಿತು. ಪಕ್ಕದ ಹಾಸಿಗೆಯವರಿಗೆ ಮುಟ್ಟಲಿಲ್ಲ, ಒಂದು ವಾರದೊಳಗೆ ಆಪರೇಷನ್ ಆಯಿತು, ಅವರೂ ಕೋಲು ಹಿಡಿದು ಮನೆಗೆ ನಡೆದರು.

ಎಲ್ಲಿ, ಎಷ್ಟು ಖರ್ಚು

ಇದು ಎಲ್ಲ ಕಡೆ ಆಗುವ ಕೆಲಸ ಅಲ್ಲ. ಹೃದಯದ ಸ್ಟೆಂಟ್ ಹಾಕುವ ಕ್ಯಾಥ್ ಲ್ಯಾಬ್ ಇದೆ ಅಂದ ಮಾತ್ರಕ್ಕೆ ಬೆನ್ನುಹುರಿಯದು ಮಾಡುತ್ತಾರೆ ಅಂತಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಒಂದು ವಿಭಾಗ ಇದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯೂ ಹೆಸರಾದದ್ದು. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೂ ತಂಡಗಳಿವೆ. "ವರ್ಷಕ್ಕೆ ಇಂಥ ಬೆನ್ನುಹುರಿ ಕೇಸು ಎಷ್ಟು ಮಾಡ್ತೀರಿ?" ಅಂತ ನೇರ ಕೇಳಿ. ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿ. ನಿಮ್ಮ ಚಿಕಿತ್ಸೆ ಯಾವ ಪ್ಯಾಕೇಜಿಗೆ ಬರುತ್ತದೆ, ರೆಫರಲ್ ಪತ್ರ ಬೇಕಾ ಅಂತ ಕೌಂಟರ್‌ನಲ್ಲಿರುವ ಆರೋಗ್ಯಮಿತ್ರರನ್ನು ಅಡ್ಮಿಟ್ ಆಗುವ ಮೊದಲೇ ಕೇಳಿ, ಆಮೇಲೆ ಓಡಾಡುವುದು ಕಷ್ಟ. ನಾಳ ಮುಚ್ಚಲು ಬಳಸುವ ಓನಿಕ್ಸ್ ಅನ್ನುವ ದ್ರವಕ್ಕಿಂತ ಮಾಮೂಲಿ ಗ್ಲೂ ಬಹಳ ಅಗ್ಗ. ಕೆಲವು ಕೇಸಿಗೆ ಅದೇ ಸರಿಯಾದದ್ದು ಕೂಡ. ಯಾವುದು ಬಳಸುತ್ತಾರೆ, ಯಾಕೆ ಅಂತ ತಿಳಿದುಕೊಳ್ಳಿ.

ಹೋಗುವ ಮುಂಚೆ

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಬೆನ್ನಿನ ಆಂಜಿಯೋಗೆ ಡೈ ಜಾಸ್ತಿ ಬೇಕಾಗುವುದರಿಂದ ಕಿಡ್ನಿಯ ಕ್ರಿಯಾಟಿನಿನ್ ನೋಡಿ ಅದನ್ನು ನಿಲ್ಲಿಸುವುದೋ ಬೇಡವೋ ತೀರ್ಮಾನಿಸುತ್ತಾರೆ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಹೇಳಿ, ನೀವೇ ನಿಲ್ಲಿಸಬೇಡಿ. ಹಿಂದೆ ಸಿಟಿ ಸ್ಕ್ಯಾನ್ ಡೈಯಿಂದ ಮೈ ಕೆರೆತ, ಉಬ್ಬಸ ಆಗಿದ್ದರೆ ಅದನ್ನೂ ಹೇಳಿ. ಹಳೆಯ ಎಂಆರ್‌ಐ ಸಿಡಿಗಳನ್ನೂ ತನ್ನಿ, ಬರೀ ವರದಿಯ ಕಾಗದ ಸಾಲದು.

ನಾನು ಎಲ್ಲರಿಗೂ ಹೇಳುವ ಒಂದು ಕೆಲಸ ಇದೆ. ಹಿಂದಿನ ದಿನ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ರೋಗಿ ಕುರ್ಚಿಯಿಂದ ಏಳುವುದು, ಹತ್ತು ಹೆಜ್ಜೆ ನಡೆಯುವುದು, ಮಲಗಿ ಒಂದೊಂದೇ ಪಾದ ಮೇಲೆ ಕೆಳಗೆ ಆಡಿಸುವುದು. ಮೂತ್ರ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಬರೆದಿಡಿ. ಮುಗಿದ ಮೇಲೆ "ಮೊದಲಿಗಿಂತ ಕಡಿಮೆ ಆಯ್ತಾ, ಹಾಗೇ ಇದೆಯಾ?" ಅನ್ನುವ ಪ್ರಶ್ನೆಗೆ ಉತ್ತರ ಆ ವಿಡಿಯೋದಲ್ಲಿ ಸಿಗುತ್ತದೆ. ಗಾಬರಿಯಲ್ಲಿ ಯಾರಿಗೂ ನೆನಪಿರುವುದಿಲ್ಲ.

ಬಾಗಿಲ ಒಳಗೆ

ಆಂಜಿಯೋ ಹೊತ್ತು ಹಿಡಿಯುತ್ತದೆ. ಎರಡು, ಮೂರು, ಕೆಲವೊಮ್ಮೆ ನಾಲ್ಕು ಗಂಟೆ. ಹೃದಯದ ಆಂಜಿಯೋ ಅರ್ಧ ಗಂಟೆಯಲ್ಲಿ ಮುಗಿದದ್ದನ್ನು ನೋಡಿದವರು ಹೊರಗೆ ಕಂಗಾಲಾಗುತ್ತಾರೆ. ಇಲ್ಲಿ ಪಕ್ಕೆಲುಬಿನ ಒಂದೊಂದು ನಾಳವನ್ನೂ, ಎಡಕ್ಕೊಂದು ಬಲಕ್ಕೊಂದು, ಸೊಂಟದವು, ಕುತ್ತಿಗೆಯವು, ಕೂರುವ ಜಾಗದ ಹತ್ತಿರದವು, ಎಲ್ಲದರ ಬಾಯಿಗೂ ಕ್ಯಾಥೆಟರ್ ಅನ್ನುವ ಸಣ್ಣ ಕೊಳವೆಯ ತುದಿ ಸಿಕ್ಕಿಸಿ ಡೈ ಬಿಟ್ಟು ನೋಡಬೇಕು. ಒಂದನ್ನು ಬಿಟ್ಟರೂ ಒಡಕು ಅಲ್ಲೇ ಇರಬಹುದು. ತೊಡೆಸಂದಿನಲ್ಲಿ ಸುಮಾರು ಎರಡು ಮಿಲಿಮೀಟರ್ ಅಗಲದ ಕೊಳವೆ ಹಾಕಿ ಅದರ ಮೂಲಕ ಹೋಗುತ್ತಾರೆ. ಕೋಬ್ರಾ ಅಂತ ಒಂದು ಕ್ಯಾಥೆಟರ್ ಇದೆ, ತುದಿ ಹಾವಿನ ಹೆಡೆಯ ಹಾಗೆ ಬಾಗಿರುತ್ತದೆ, ಆ ಬಾಗಿನಿಂದಲೇ ನಾಳದ ಬಾಯಿ ಹುಡುಕುತ್ತದೆ. ಡೈ ಪ್ರಮಾಣ ಮಿತಿ ಮುಟ್ಟಿದರೆ ನಿಲ್ಲಿಸಿ ಇನ್ನೊಂದು ದಿನ ಮುಂದುವರಿಸುತ್ತಾರೆ. ಅದು ಎಡವಟ್ಟಲ್ಲ, ಕಿಡ್ನಿ ಉಳಿಸುವ ಜಾಣತನ.

ಬಹಳ ಕಡೆ ಪೂರ್ತಿ ಅರಿವಳಿಕೆ ಕೊಡುತ್ತಾರೆ, ಯಾಕಂದರೆ ಚಿತ್ರ ತೆಗೆಯುವಾಗ ಉಸಿರಾಟ ಕೆಲವು ಕ್ಷಣ ನಿಲ್ಲಬೇಕು, ಮೈ ಅಲುಗಬಾರದು. ಅಷ್ಟು ಸಣ್ಣ ನಾಳ ಅದು. ಕೆಲವು ಕಡೆ ಕಾಲಿಗೂ ತಲೆಗೂ ಸಣ್ಣ ಸೂಜಿ ವೈರ್ ಹಾಕಿ ನರದ ಸಂಕೇತ ಗಮನಿಸುತ್ತಿರುತ್ತಾರೆ. ಹುರಿಗೆ ರಕ್ತ ಕಡಿಮೆಯಾದರೆ ಅದರಲ್ಲಿ ಗೊತ್ತಾಗುತ್ತದೆ.

ಒಡಕು ಸಿಕ್ಕಿದ ಮೇಲೆ ಕೋಬ್ರಾದ ಒಳಗಿಂದ ಇನ್ನೊಂದು ಮೈಕ್ರೋಕ್ಯಾಥೆಟರ್ ಹೋಗುತ್ತದೆ. ತುದಿ ಅರ್ಧ ಮಿಲಿಮೀಟರ್ ದಪ್ಪ. ಸೇವಿಗೆ ಎಳೆಗಿಂತ ಸಣ್ಣದು. ಈ ಹೊತ್ತಿಗೆ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಗ್ಲೂ ಕಲಸುವುದು ನನ್ನ ಪಕ್ಕದ ಬೇರೆ ಟೇಬಲ್ ಮೇಲೆ. ಎನ್‌ಬಿಸಿಎ ಅನ್ನುವ ಗ್ಲೂ ರಕ್ತ ಅಥವಾ ಸಲೈನ್ ತಾಗಿದ ಕೂಡಲೇ ಗಟ್ಟಿಯಾಗುತ್ತದೆ. ಅದಕ್ಕೆ ಕೈಗವಸು ಬದಲಿಸಿ, ಹೊಸ ಬಟ್ಟಲು ಇಟ್ಟು, ಲಿಪಿಯೋಡಾಲ್ ಎಣ್ಣೆ ಜೊತೆ ಬೆರೆಸುತ್ತೇವೆ. ಎಣ್ಣೆ ಜಾಸ್ತಿ ಹಾಕಿದರೆ ನಿಧಾನ ಗಟ್ಟಿಯಾಗುತ್ತದೆ, ಕಡಿಮೆ ಹಾಕಿದರೆ ಬೇಗ. ಎಣ್ಣೆಯಿಂದಲೇ ಅದು ಪರದೆ ಮೇಲೆ ಕಾಣುತ್ತದೆ. ಕ್ಯಾಥೆಟರ್ ಒಳಗೆ ಸಲೈನ್ ಇರಬಾರದು ಅಂತ 5% ಡೆಕ್ಸ್‌ಟ್ರೋಸ್‌ನಿಂದ ತೊಳೆಯುತ್ತಾರೆ. ಆಮೇಲೆ ಎಲ್ಲ ಕೆಲವೇ ಸೆಕೆಂಡಿನ ಕೆಲಸ. ಕಪ್ಪು ಗೆರೆ ಆರ್ಟರಿಯಲ್ಲಿ ಮುಂದೆ ಹೋಗುತ್ತದೆ, ಸಣ್ಣ ತಿರುವು ದಾಟುತ್ತದೆ, ವೇನ್‌ನ ಬುಡಕ್ಕೆ ಬಂದು ಒಂದಿಷ್ಟು ಮೇಲೇರುತ್ತದೆ. "ಪುಲ್" ಅಂದ ತಕ್ಷಣ ಕ್ಯಾಥೆಟರ್ ಸರಕ್ಕನೆ ಹೊರಗೆ. ತಡ ಆದರೆ ಅದೂ ಅಂಟಿಕೊಳ್ಳುತ್ತದೆ. ಗ್ಲೂ ಜಾಸ್ತಿ ಮೇಲೇರಿ ಹುರಿಯ ವೇನ್‌ಗಳನ್ನೇ ತುಂಬಿದರೆ ಅಪಾಯ, ಬುಡ ಮುಟ್ಟದಿದ್ದರೆ ಕೆಲಸ ಅರ್ಧ. ಆ ಒಂದು ಸೆಂಟಿಮೀಟರಿನ ಅಂದಾಜು ಡಾಕ್ಟರ ಕೈಯಲ್ಲಿದೆ.

ಓನಿಕ್ಸ್ ಬೇರೆ ರೀತಿ. ಅದು ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿದ ಪ್ಲಾಸ್ಟಿಕ್ ಥರದ ವಸ್ತು, ಕಾಣಲಿ ಅಂತ ಟ್ಯಾಂಟಲಮ್ ಪುಡಿ ಸೇರಿಸಿರುತ್ತಾರೆ. ಸೀಸೆಯನ್ನು 20 ನಿಮಿಷ ಯಂತ್ರದಲ್ಲಿ ಕುಲುಕಿಸಬೇಕು, ಇಲ್ಲದಿದ್ದರೆ ಪುಡಿ ತಳ ಹಿಡಿಯುತ್ತದೆ. ನಿಧಾನ, ಬಹಳ ನಿಧಾನವಾಗಿ ಬಿಡುತ್ತಾರೆ, ಮಧ್ಯೆ ಮಧ್ಯೆ ನಿಲ್ಲಿಸಿ ನೋಡಬಹುದು.

ಎವಿಎಂ ಮತ್ತು ಅನ್ಯೂರಿಸಂ ಇದ್ದಾಗ ಗುರಿ ಬೇರೆ. ಹುರಿಯ ಒಳಗಿನ ಗಂಟನ್ನು ಪೂರ್ತಿ ಮುಚ್ಚಲು ಹೊರಟರೆ ಹುರಿಯ ನಾಳವೂ ಹೋಗಬಹುದು. ಅದಕ್ಕೆ ಎಷ್ಟೋ ಸಲ ಪೂರ್ತಿ ಮುಚ್ಚುವ ಆಸೆಯನ್ನೇ ಇಟ್ಟುಕೊಳ್ಳುವುದಿಲ್ಲ. ರಕ್ತ ಸೋರಿದ ಉಬ್ಬು ಎಲ್ಲಿದೆ ನೋಡಿ, ಸುರಕ್ಷಿತ ದಾರಿ ಇದ್ದರೆ ಅದನ್ನೂ ಅದರ ಸುತ್ತಲಿನ ಭಾಗವನ್ನೂ ಮುಚ್ಚುತ್ತಾರೆ. ಗಂಟಿಗೆ ಹೋಗುವ ದಾರಿಯಲ್ಲಿ, ಹುರಿಯ ಮುಖ್ಯ ನಾಳದ ಮೇಲೇ ಉಬ್ಬು ಇದ್ದರೆ ಅದನ್ನು ನೇರವಾಗಿ ಮುಟ್ಟುವುದೇ ಅಪಾಯ. ಮುಂದಿನ ಗಂಟಿನ ಓಟ ಕಡಿಮೆ ಮಾಡಿದರೆ ಆ ಉಬ್ಬು ತಾನಾಗಿ ಸಣ್ಣದಾಗುವುದುಂಟು. ಹಾಗಾಗಿ "ಸ್ವಲ್ಪ ಉಳಿದಿದೆ" ಅಂತ ಡಾಕ್ಟರು ಹೇಳಿದರೆ ಎದೆಗುಂದಬೇಡಿ. ಡ್ಯೂರಲ್ ಫಿಸ್ಟುಲಾದಲ್ಲಿ ಉಳಿಯಬಾರದು. ಎವಿಎಂನಲ್ಲಿ ಬೇಕೆಂದೇ ಉಳಿಸಿರಬಹುದು. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ. ಹುರಿಯ ಮೈಮೇಲಿನ ದೊಡ್ಡ ಫಿಸ್ಟುಲಾಗಳಿಗೆ ಪ್ಲಾಟಿನಂ ಕಾಯಿಲ್‌ಗಳನ್ನೂ (ಸುರುಳಿ ತಂತಿ) ಬಳಸುತ್ತಾರೆ, ಅಲ್ಲಿ ಓಟ ಎಷ್ಟು ಜೋರು ಅಂದರೆ ಬರೀ ಗ್ಲೂ ನಿಲ್ಲದೆ ಕೊಚ್ಚಿಹೋಗಬಹುದು.

ವಾರ್ಡಿಗೆ ಬಂದ ಮೇಲೆ

ಸೂಜಿ ಹಾಕಿದ ಕಡೆಯ ಕಾಲನ್ನು 4ರಿಂದ 6 ಗಂಟೆ ನೇರವಾಗಿ ಇಟ್ಟಿರಬೇಕು. ಮಡಚಬಾರದು, ಎದ್ದು ಕೂರಬಾರದು. ಮಾವ ಎರಡನೇ ಗಂಟೆಗೇ "ಒಂದ್ ಸಲ ಎದ್ದು ಕೂತ್ಕಂಡ್ ಬಿಡ್ತೀನಿ" ಅಂತ ಶುರು ಮಾಡಿದ್ದರು. ಪಕ್ಕದಲ್ಲಿ ಒಬ್ಬರು ಇರಲೇಬೇಕು. ತೊಡೆಸಂದಿನಲ್ಲಿ ಊತ, ಬಟ್ಟೆ ಒದ್ದೆ, ಆ ಪಾದ ತಣ್ಣಗಾಗುವುದು, ಬಿಳಿಚಿಕೊಳ್ಳುವುದು ಕಂಡರೆ ತಕ್ಷಣ ಕರೆಯಿರಿ. ಗಂಟೆಗೊಮ್ಮೆ ಎರಡೂ ಪಾದ ಆಡಿಸಲು ಹೇಳಿ. ಬೆಳಿಗ್ಗೆ ಆಡುತ್ತಿದ್ದ ಪಾದ ಸಂಜೆ ಆಡದಿದ್ದರೆ ಅದು ತುರ್ತು.

ಓನಿಕ್ಸ್ ಬಳಸಿದ್ದರೆ ಒಂದೆರಡು ದಿನ ರೋಗಿಯ ಉಸಿರಿನಲ್ಲಿ, ಬೆವರಿನಲ್ಲಿ ಬೆಳ್ಳುಳ್ಳಿ ವಾಸನೆ ಬರುತ್ತದೆ. ಆ ದ್ರಾವಕ ಮೈಯಿಂದ ಹೊರಹೋಗುವಾಗ ಬರುವ ವಾಸನೆ. ಗಾಬರಿ ಬೇಡ, ತಾನಾಗಿ ಹೋಗುತ್ತದೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಒಡಕು ಸರಿಯಾಗಿ ಮುಚ್ಚಿದ ಮೇಲೂ ಕೆಲವರಿಗೆ ಮೊದಲ ಕೆಲವು ದಿನ ಕಾಲು ಸ್ವಲ್ಪ ಹೆಚ್ಚೇ ಸೋಲುತ್ತದೆ. ಹಿಗ್ಗಿದ್ದ ವೇನ್‌ಗಳಲ್ಲಿ ಓಟ ಒಮ್ಮೆಲೇ ನಿಧಾನವಾಗಿ ರಕ್ತ ಹೆಪ್ಪುಗಟ್ಟುವುದು ಇದಕ್ಕೆ ಒಂದು ಕಾರಣ. ಅದನ್ನು ತಡೆಯಲು ಕೆಲವು ರೋಗಿಗಳಿಗೆ ಹೆಪಾರಿನ್ ಕೊಡುತ್ತಾರೆ. ಇದಾ, ಅಥವಾ ಬೇರೇನಾದರೂ ಆಯಿತಾ ಅಂತ ಡಾಕ್ಟರೇ ನೋಡಿ ಹೇಳಬೇಕು. ನೀವು ಆ ವಿಡಿಯೋ ತೋರಿಸಿ.

ಮನೆಯಲ್ಲಿ

ಎಷ್ಟು ವಾಪಸ್ ಬರುತ್ತದೆ? ಡ್ಯೂರಲ್ ಫಿಸ್ಟುಲಾದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಕಾಲಿನ ಬಲ ಸುಧಾರಿಸುತ್ತದೆ. ಜೋಮು, ಸ್ಪರ್ಶ ಸುಧಾರಿಸುವುದು ಮೂರರಲ್ಲಿ ಒಬ್ಬರಿಗೆ. ಮೂತ್ರದ ಹಿಡಿತ, ಲೈಂಗಿಕ ಶಕ್ತಿ ಮರಳುವುದು ಕಷ್ಟ. ಮುಚ್ಚುವ ಹೊತ್ತಿಗೆ ಎಷ್ಟು ನಡೆಯುತ್ತಿದ್ದರು ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ. ಆ ಹದಿನಾಲ್ಕು ತಿಂಗಳು ನೆನಪಾದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೂತ್ರ ಪೂರ್ತಿ ಖಾಲಿಯಾಗದಿದ್ದರೆ ಸದಾ ಪೈಪ್ ಹಾಕಿಟ್ಟುಕೊಳ್ಳುವ ಬದಲು 4ರಿಂದ 6 ಗಂಟೆಗೊಮ್ಮೆ ತಾವೇ ಪೈಪ್ ಹಾಕಿ ತೆಗೆಯುವುದನ್ನು ಕಲಿಯಬಹುದು. ವಾರ್ಡಿನ ನರ್ಸ್ ಹತ್ತಿರ ಡಿಸ್ಚಾರ್ಜ್‌ಗೆ ಮುಂಚೆ ಎರಡು ಮೂರು ಸಲ ಮಾಡಿಸಿಕೊಳ್ಳಿ. ಮಾವ ನಾಚಿಕೊಂಡರು, ಆಮೇಲೆ ಅತ್ತೆಯೇ ಕಲಿತರು, ಒಂದು ತಿಂಗಳಿಗೆ ಮಾವನೂ ಕಲಿತರು. ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ.

ಸ್ಪರ್ಶ ಇಲ್ಲದ ಕಾಲಿಗೆ ಬಿಸಿನೀರಿನ ಚೀಲ ಇಡಬೇಡಿ. ಶಾಖ ಕೊಟ್ಟರೆ ನರ ಸಡಿಲ ಆಗುತ್ತದೆ ಅಂತ ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ. ಸುಟ್ಟಿದ್ದು ಗೊತ್ತಾಗದೆ ಬೊಬ್ಬೆ ಎದ್ದು ಬಂದವರನ್ನು ಎಷ್ಟೋ ನೋಡಿದ್ದೇನೆ. ಸ್ನಾನದ ನೀರನ್ನು ಬೇರೆಯವರು ಮುಟ್ಟಿ ನೋಡಲಿ. ದಿನಾ ರಾತ್ರಿ ಅಂಗಾಲು ನೋಡಿ, ಮುಳ್ಳು ಚುಚ್ಚಿರುವುದೂ ಅವರಿಗೆ ತಿಳಿಯುವುದಿಲ್ಲ. ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಡಿಸಿ. ಹಾಸಿಗೆಯಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಮತ್ತು ಕುಂಡೆಯ ಮೂಳೆ ಹತ್ತಿರ ಕೆಂಪಾಗಿದೆಯಾ ನೋಡಿ.

ಫಿಸಿಯೋಥೆರಪಿ ಆಸ್ಪತ್ರೆಯಲ್ಲೇ ಶುರುವಾಗಬೇಕು. ಮನೆಯಲ್ಲಿ ಪಡಸಾಲೆಯಿಂದ ಬಚ್ಚಲಿನವರೆಗೆ ಹಿಡಿದುಕೊಳ್ಳಲು ಪೈಪ್ ಹಾಕಿಸಿ, ಕುಕ್ಕರುಗಾಲಿನ ಕಕ್ಕಸಿಗೆ ಕಮೋಡ್ ಕುರ್ಚಿ ಇಡಿ. ಸುಧಾರಣೆ ವಾರಗಳಲ್ಲ, ತಿಂಗಳುಗಳ ಲೆಕ್ಕ.

ಸಾಮಾನ್ಯವಾಗಿ 3ರಿಂದ 6 ತಿಂಗಳಿಗೆ ಮತ್ತೆ ಎಂಆರ್‌ಐ ಮಾಡುತ್ತಾರೆ, ಊತ ಇಳಿದಿದೆಯಾ, ಆ ಕಪ್ಪು ಚುಕ್ಕೆಗಳು ಹೋಗಿವೆಯಾ ಅಂತ. ಆಂಜಿಯೋ ಬೇಕಾ, ಯಾವಾಗ ಅಂತ ಡಾಕ್ಟರು ಹೇಳುತ್ತಾರೆ. ಚೆನ್ನಾಗಿ ನಡೆಯುತ್ತಿದ್ದಾರೆ ಅಂತ ಈ ಭೇಟಿಯನ್ನು ಬಿಡಬೇಡಿ. ನಡುವೆ ಕಾಲು ಮತ್ತೆ ಸೋಲಲು ಶುರುವಾದರೆ ತಾರೀಖಿಗೆ ಕಾಯದೆ ಹೋಗಿ. ಡಿಸ್ಚಾರ್ಜ್ ಕಾಗದದಲ್ಲಿ ಯಾವ ಮಟ್ಟದ, ಯಾವ ಕಡೆಯ ನಾಳ ಮುಚ್ಚಿದ್ದು ಅಂತ ಬರೆದಿದೆಯಾ ನೋಡಿಕೊಳ್ಳಿ, ಆಂಜಿಯೋ ಸಿಡಿ ಕೇಳಿ ತೆಗೆದುಕೊಳ್ಳಿ. ಮಾವನ ಕಾಗದದಲ್ಲಿ "ಎದೆಯ 7ನೇ ಮಟ್ಟ, ಎಡ" ಅಂತಿದೆ. ಲ್ಯಾಮಿನೇಷನ್ ಮಾಡಿಸಿ ಬೀರುವಿನಲ್ಲಿ ಪಹಣಿ ಜೊತೆ ಇಟ್ಟಿದ್ದಾರೆ. ಈಗ ಕೋಲು ಹಿಡಿದು ತೂಬಿನವರೆಗೆ ಹೋಗುತ್ತಾರೆ, ಅಲ್ಲಿ ಕೂತು ದಣಿವಾರಿಸಿಕೊಂಡು, ಆಮೇಲೆ ಗದ್ದೆಗೂ ಹೋಗುತ್ತಾರೆ.